ತಕ್ಕಡಿಯ ಇನ್ನೊಂದು ತಟ್ಟೆ

ಕೈರೋ ನಗರದ ಈಶಾನ್ಯಕ್ಕೆ, ಊರು ಮುಗಿದು ಹೊಲ ಶುರುವಾಗುವ ಕಡೆ, ಅಬು ಝಾಬಲ್ ಅಂತ ಒಂದು ಜಾಗವಿದೆ. ಈಜಿಪ್ಟ್ ಸೇನೆಯ 'ಕಾರ್ಖಾನೆ 200' ಇರುವುದು ಅಲ್ಲೇ. 1988ರಲ್ಲಿ ಅಮೆರಿಕದ ಜೊತೆ ಆದ ಒಪ್ಪಂದದಂತೆ ಎಂ1ಎ1 ಅಬ್ರಾಮ್ಸ್ ಟ್ಯಾಂಕುಗಳನ್ನು ಜೋಡಿಸುವುದು ಇದರ ಕೆಲಸ. ಒಹಾಯೊ ರಾಜ್ಯದ ಲೈಮಾ ಊರಿನ ಕಾರ್ಖಾನೆಯಿಂದ ಬಿಡಿಭಾಗಗಳ ಕಿಟ್ ಬರುತ್ತದೆ, ಇಲ್ಲಿ ಕೂಡಿಸಿ ಹೊರಗೆ ಬಿಡುತ್ತಾರೆ. ಹೀಗೆ ಒಂದು ಸಾವಿರಕ್ಕೂ ಹೆಚ್ಚು ಟ್ಯಾಂಕುಗಳು ತಯಾರಾಗಿವೆ. ಈಜಿಪ್ಟ್ ಇಸ್ರೇಲ್ ಜೊತೆ ಕೊನೆಯ ಯುದ್ಧ ಮಾಡಿದ್ದು 1973ರಲ್ಲಿ. ಸಿನಾಯ್ ಮರಳುಗಾಡಿನಲ್ಲಿ ಪಿಕಪ್ ಗಾಡಿ ಹತ್ತಿ ಓಡಾಡುವ ಬಂದೂಕುಧಾರಿಗಳನ್ನು ಹಿಡಿಯಲು ಅರವತ್ತು ಟನ್ನಿನ ಟ್ಯಾಂಕು ಎಷ್ಟರಮಟ್ಟಿಗೆ ಬೇಕು ಎಂದು ವಾಷಿಂಗ್ಟನ್ನಿನಲ್ಲೇ ಅನೇಕರು ಕೇಳಿದ್ದಾರೆ. ಆದರೂ ಕಿಟ್ ಬರುವುದು ನಿಲ್ಲಲಿಲ್ಲ.

ಮಿತ್ರ ಸರ್ವಾಧಿಕಾರಿಗಳ ಮಾತು ಬಂದಾಗಲೆಲ್ಲ 'ಮಾನವ ಹಕ್ಕುಗಳು ಮತ್ತು ವ್ಯೂಹಾತ್ಮಕ ಹಿತಾಸಕ್ತಿಗಳ ನಡುವೆ ಸಮತೋಲನ' ಎಂಬ ಪದಗುಚ್ಛ ಕೇಳಿಬರುತ್ತದೆ. ಕೇಳಿದವರ ಕಣ್ಣಿಗೆ ಒಂದು ತಕ್ಕಡಿ ಕಟ್ಟುತ್ತದೆ: ಈ ತಟ್ಟೆಯಲ್ಲಿ ಜೈಲಿನಲ್ಲಿರುವ ಪತ್ರಕರ್ತ, ಆ ತಟ್ಟೆಯಲ್ಲಿ ಸೂಯೆಜ್ ಕಾಲುವೆ. ಒಳ್ಳೆಯ ಚಿತ್ರವೇ. ಆದರೆ ತಕ್ಕಡಿ ಅಂದಮೇಲೆ ಎರಡೂ ಕಡೆಯದನ್ನು ತೂಗಬೇಕು ತಾನೆ? ಅಮೆರಿಕ–ಈಜಿಪ್ಟ್ ಸಂಬಂಧದ ನಾಲ್ಕು ದಶಕಗಳ ದಾಖಲೆ ಓದಿದರೆ ಕಾಣುವುದು ಬೇರೆ. ಹಕ್ಕಿನ ತಟ್ಟೆಯಲ್ಲಿ ಇಟ್ಟದ್ದಕ್ಕೆಲ್ಲ ಹೆಸರು, ಸಂಖ್ಯೆ, ಪುರಾವೆ, ಪ್ರಮಾಣಪತ್ರ ಕೇಳುತ್ತಾರೆ. ಹಿತಾಸಕ್ತಿಯ ತಟ್ಟೆಗೆ ಹಾಕಿದ್ದನ್ನು ಮಾತ್ರ ಹೇಳಿದ ತೂಕಕ್ಕೇ ಒಪ್ಪಿಕೊಳ್ಳುತ್ತಾರೆ.

ಹಣದ ದಾರಿಯಿಂದ ಶುರು ಮಾಡೋಣ. 1979ರ ಮಾರ್ಚ್‌ನಲ್ಲಿ ಈಜಿಪ್ಟ್–ಇಸ್ರೇಲ್ ಶಾಂತಿ ಒಪ್ಪಂದಕ್ಕೆ ಸಹಿ ಬಿತ್ತು, ಅದರ ಬೆನ್ನಿಗೇ ಅಮೆರಿಕದ ನೆರವು ಹರಿಯತೊಡಗಿತು. 1987ರಿಂದ ಸೇನಾ ನೆರವು ವರ್ಷಕ್ಕೆ 130 ಕೋಟಿ ಡಾಲರ್ ಎಂದು ನಿಂತುಬಿಟ್ಟಿದೆ. ಬೆಲೆ ಏರಿಕೆಗೆ ಹೊಂದಿಸಿಲ್ಲವಾದ್ದರಿಂದ ಆಗಿನ 130 ಕೋಟಿಯ ಕಿಮ್ಮತ್ತು ಈಗ ಅರ್ಧಕ್ಕಿಂತ ಕಡಿಮೆ. ಈ ದುಡ್ಡು ಕೈರೋಗೆ ಹೋಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹೋಗುವುದಿಲ್ಲ. ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕಿನಲ್ಲಿ ಬಡ್ಡಿ ಬರುವ ಒಂದು ಖಾತೆಯಿದೆ, ಅದಕ್ಕೆ ಜಮಾ ಆಗುತ್ತದೆ. ಅಲ್ಲಿಂದ ಅಮೆರಿಕದ್ದೇ ಶಸ್ತ್ರ ಕಂಪನಿಗಳಿಗೆ ಪಾವತಿಯಾಗುತ್ತದೆ. ದುಡ್ಡು ದೇಶ ಬಿಡುವುದೇ ಇಲ್ಲ, ಕಿಟ್ ಮಾತ್ರ ಹಡಗು ಹತ್ತುತ್ತದೆ. ಹಾಗಾಗಿ ನೆರವು ನಿಲ್ಲಿಸಿ ಅಂದಾಗ ಮೊದಲು ಕೂಗು ಏಳುವುದು ಕೈರೋದಲ್ಲಲ್ಲ, ಟ್ಯಾಂಕ್ ಕಾರ್ಖಾನೆ ಇರುವ ಕ್ಷೇತ್ರಗಳಲ್ಲಿ.

ಇನ್ನೊಂದು ಸವಲತ್ತೂ ಇತ್ತು. ಇಸ್ರೇಲ್ ಮತ್ತು ಈಜಿಪ್ಟ್ ಎರಡಕ್ಕೆ ಮಾತ್ರ, ಮುಂದಿನ ವರ್ಷಗಳಲ್ಲಿ ಬರಲಿರುವ ನೆರವನ್ನು ನೆಚ್ಚಿ ಇಂದೇ ಕಂತಿನ ಮೇಲೆ ಖರೀದಿಸುವ ಅವಕಾಶ ಕೊಟ್ಟಿದ್ದರು. ನಮ್ಮಲ್ಲಿ ಸಂಬಳ ತೋರಿಸಿ ಸಾಲ ಎತ್ತಿದ ಹಾಗೆ. ಇದರ ತೊಡಕು ನೋಡಿ: ಹತ್ತು ವರ್ಷದ ಕಂತಿನ ಗುತ್ತಿಗೆಗೆ ಒಮ್ಮೆ ಸಹಿ ಹಾಕಿದರೆ ನಾಳೆ ನೆರವು ನಿಲ್ಲಿಸಿದಾಗ ಗುತ್ತಿಗೆ ಮುರಿದ ದಂಡ ಯಾರ ತಲೆಗೆ ಬರುತ್ತದೆ ಎಂಬ ಪ್ರಶ್ನೆ ಏಳುತ್ತದೆ. ಲಗಾಮು ಹಿಡಿದವನ ಕೈಯನ್ನೇ ಲಗಾಮಿಗೆ ಕಟ್ಟಿಹಾಕಿದಂತೆ. ಬರಾಕ್ ಒಬಾಮ ಸರ್ಕಾರ 2015ರಲ್ಲಿ ಈ ಕಂತಿನ ಪದ್ಧತಿಯನ್ನು ಈಜಿಪ್ಟ್ ಮಟ್ಟಿಗೆ 2018ರ ಹಣಕಾಸು ವರ್ಷದಿಂದ ನಿಲ್ಲಿಸುವುದಾಗಿ ಘೋಷಿಸಿತು. ಪತ್ರಿಕೆಗಳಲ್ಲಿ ಅದಕ್ಕೆ ಹೆಚ್ಚು ಜಾಗ ಸಿಗಲಿಲ್ಲ. ನನ್ನ ಲೆಕ್ಕದಲ್ಲಿ ಆ ದಶಕದಲ್ಲಿ ಈಜಿಪ್ಟ್ ಬಗ್ಗೆ ತೆಗೆದುಕೊಂಡ ಅತ್ಯಂತ ಮುಖ್ಯವಾದ ನಿರ್ಧಾರ ಅದೇ.

ಇಷ್ಟು ಕೊಟ್ಟು ಅಮೆರಿಕ ಪಡೆಯುವುದೇನು? ಮೂರು: ಇಸ್ರೇಲ್ ಜೊತೆಗಿನ ಶಾಂತಿ, ಸೂಯೆಜ್‌ನಲ್ಲಿ ತನ್ನ ಯುದ್ಧನೌಕೆಗಳಿಗೆ ಬೇಗ ದಾರಿ, ಈಜಿಪ್ಟಿನ ಆಕಾಶದಲ್ಲಿ ಸೇನಾ ವಿಮಾನಗಳಿಗೆ ಅನುಮತಿ. ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ, ಅಂದರೆ ನಮ್ಮ ಸಿಎಜಿ ತರಹದ್ದು, 2006ರ ಏಪ್ರಿಲ್‌ನಲ್ಲಿ ಇದನ್ನು ಎಣಿಸಿ ಕೊಟ್ಟಿತು: 2001ರಿಂದ 2005ರವರೆಗೆ 36,553 ಸೇನಾ ವಿಮಾನ ಹಾರಾಟಗಳು, 861 ನೌಕೆಗಳಿಗೆ ಕಾಲುವೆಯಲ್ಲಿ ತ್ವರಿತ ದಾರಿ. ಇರಾಕ್, ಅಫ್ಘಾನಿಸ್ತಾನ ಎರಡೂ ಯುದ್ಧ ನಡೆಯುತ್ತಿದ್ದ ಕಾಲದಲ್ಲಿ ಇದು ಸಣ್ಣ ಸಂಖ್ಯೆಯಲ್ಲ. ಆದರೆ ಅದೇ ವರದಿ ಇನ್ನೊಂದು ಮಾತನ್ನೂ ಹೇಳಿತ್ತು: ಈ ನೆರವಿನಿಂದ ತಮ್ಮ ಗುರಿಗಳು ಎಷ್ಟರಮಟ್ಟಿಗೆ ಈಡೇರುತ್ತಿವೆ ಎಂದು ವಿದೇಶಾಂಗ ಇಲಾಖೆಯಾಗಲಿ ರಕ್ಷಣಾ ಇಲಾಖೆಯಾಗಲಿ ಅಳೆಯುತ್ತಿಲ್ಲ, ಅಳೆಯುವ ವಿಧಾನವನ್ನೇ ಗೊತ್ತುಮಾಡಿಕೊಂಡಿಲ್ಲ ಎಂದು. ಕಾಲುವೆ ಮುಚ್ಚಿದರೆ ಈಜಿಪ್ಟಿಗೇ ಸುಂಕ ತಪ್ಪುತ್ತದೆ, ಶಾಂತಿ ಮುರಿದರೆ ಮೊದಲು ಪೆಟ್ಟು ತಿನ್ನುವುದೂ ಈಜಿಪ್ಟೇ. ಹಾಗಿದ್ದಮೇಲೆ 130 ಕೋಟಿಯಲ್ಲಿ ಎಷ್ಟು ಪಾಲು ನಿಜಕ್ಕೂ ಈ ಸೌಲಭ್ಯಗಳ ಬೆಲೆ, ಎಷ್ಟು ಪಾಲು ಬರೀ ರೂಢಿ? ಇದೇ ತೂಗದೆ ಬಿಟ್ಟ ತಟ್ಟೆ.

*

2013ರ ಜುಲೈ 3ರಂದು ಜನರಲ್ ಅಬ್ದೆಲ್ ಫತ್ತಾ ಅಲ್-ಸಿಸಿ ನೇತೃತ್ವದ ಸೇನೆ ಚುನಾಯಿತ ಅಧ್ಯಕ್ಷ ಮೊಹಮ್ಮದ್ ಮೊರ್ಸಿಯನ್ನು ಕೆಳಗಿಳಿಸಿತು. ಅಮೆರಿಕದ ಬಜೆಟ್ ಕಾನೂನಿನಲ್ಲಿ ಒಂದು ಷರತ್ತಿದೆ: ಚುನಾಯಿತ ಸರ್ಕಾರದ ಮುಖ್ಯಸ್ಥನನ್ನು ಸೇನಾ ದಂಗೆ ಉರುಳಿಸಿದರೆ ಆ ದೇಶಕ್ಕೆ ನೆರವು ನಿಲ್ಲಬೇಕು. ಈ ಷರತ್ತಿಗೆ ಆಗ ವಿನಾಯಿತಿಯೇ ಇರಲಿಲ್ಲ. 'ದಂಗೆ' ಎಂದು ಒಮ್ಮೆ ಬಾಯಿಬಿಟ್ಟು ಹೇಳಿದರೆ ಮುಗಿಯಿತು, 130 ಕೋಟಿ ನಿಂತುಹೋಗುತ್ತದೆ. ಹಾಗಾದರೆ ಏನು ಮಾಡಿದರು? ಜುಲೈ ಕೊನೆಯ ಹೊತ್ತಿಗೆ ವಕೀಲರು ಒಂದು ದಾರಿ ಹುಡುಕಿದ್ದರು: ದಂಗೆಯಾದರೆ ನೆರವು ನಿಲ್ಲಿಸಬೇಕು ಎಂದು ಕಾನೂನು ಹೇಳುತ್ತದೆಯೇ ಹೊರತು ದಂಗೆ ಆಯಿತೋ ಇಲ್ಲವೋ ಎಂದು ನಿರ್ಧರಿಸಲೇಬೇಕು ಎಂದೇನೂ ಹೇಳುವುದಿಲ್ಲವಲ್ಲ. ಆದ್ದರಿಂದ ನಿರ್ಧರಿಸುವುದಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಡುವುದು ಅಂದರೆ ಇದೇ. 2014ರ ಜನವರಿಯಲ್ಲಿ ಸಂಸತ್ತೇ ಮುಂದೆ ಬಂದು ಆ ವರ್ಷದ ಬಜೆಟ್‌ನಲ್ಲಿ ಈಜಿಪ್ಟಿಗೆಂದು ಬೇರೆ ದಾರಿ ಬರೆದುಕೊಟ್ಟಿತು.

ಕಾನೂನು ಬರೆಯುವವರು ಇಲ್ಲಿ ಕಲಿಯುವುದಿದೆ. ಹೊರದಾರಿಯೇ ಇಲ್ಲದ ಕಟ್ಟುನಿಟ್ಟಿನ ಷರತ್ತು ಇಟ್ಟರೆ ಅಧಿಕಾರಿಗಳು ಆ ಬಾಗಿಲ ಒಳಗೇ ಕಾಲಿಡುವುದಿಲ್ಲ. ಹೊರದಾರಿ ಇಟ್ಟರೆ ಪ್ರತಿ ವರ್ಷ ಅದರಿಂದಲೇ ಹೊರಗೆ ಬರುತ್ತಾರೆ. ಎರಡನೆಯದರ ಕಥೆ ಮುಂದೆ ಬರುತ್ತದೆ.

2013ರ ಆಗಸ್ಟ್ 14ರಂದು ಕೈರೋದ ರಬಾ ಅಲ್-ಅದವಿಯಾ ಚೌಕದಲ್ಲಿ ಧರಣಿ ಕೂತಿದ್ದ ಮೊರ್ಸಿ ಬೆಂಬಲಿಗರನ್ನು ಭದ್ರತಾ ಪಡೆಗಳು ಚದುರಿಸಿದವು. ಹ್ಯೂಮನ್ ರೈಟ್ಸ್ ವಾಚ್ ಲೆಕ್ಕದಲ್ಲಿ ಅಲ್ಲಿ ಒಂದೇ ದಿನ ಸತ್ತವರು ಕನಿಷ್ಠ 817. ಮಾರನೆಯ ದಿನ ಒಬಾಮ ಜಂಟಿ ಸೇನಾ ಕವಾಯತು 'ಬ್ರೈಟ್ ಸ್ಟಾರ್' ರದ್ದು ಮಾಡಿದರು. ಅಕ್ಟೋಬರ್‌ನಲ್ಲಿ ಎಫ್-16 ವಿಮಾನ, ಅಪಾಚೆ ಹೆಲಿಕಾಪ್ಟರ್, ಹಾರ್ಪೂನ್ ಕ್ಷಿಪಣಿ, ಅಬು ಝಾಬಲ್‌ಗೆ ಹೋಗಬೇಕಾದ ಟ್ಯಾಂಕ್ ಕಿಟ್, ಜೊತೆಗೆ 26 ಕೋಟಿ ಡಾಲರ್ ನಗದು ನೆರವನ್ನು ತಡೆಹಿಡಿದರು. 'ಎಲ್ಲರನ್ನೂ ಒಳಗೊಂಡ ಪ್ರಜಾಪ್ರಭುತ್ವದತ್ತ ನಂಬಲರ್ಹ ಪ್ರಗತಿ' ಆದಮೇಲೆ ಬಿಡುಗಡೆ ಎಂಬ ಅರ್ಥದ ಮಾತು ಬಂತು. ಪ್ರಗತಿ ಅಂದರೇನು? ಯಾರ ಬಿಡುಗಡೆ? ಯಾವ ಕಾನೂನಿನ ತಿದ್ದುಪಡಿ? ಯಾವ ತಾರೀಖಿನೊಳಗೆ? ಯಾವುದನ್ನೂ ಹೇಳಲಿಲ್ಲ. ಬೆಲೆ ಬರೆಯದ ಸಾಮಾನನ್ನು ಕೊಳ್ಳುವವನು ಎಲ್ಲಿದ್ದಾನೆ?

ಇತ್ತ ಮೊರ್ಸಿ ಇಳಿದ ವಾರದಲ್ಲೇ ಸೌದಿ ಅರೇಬಿಯಾ 500 ಕೋಟಿ, ಕುವೈತ್ 400 ಕೋಟಿ, ಯುಎಇ 300 ಕೋಟಿ, ಒಟ್ಟು 1,200 ಕೋಟಿ ಡಾಲರ್ ಕೊಡುವುದಾಗಿ ಘೋಷಿಸಿದ್ದವು. ಅಮೆರಿಕದ ಒಂಬತ್ತು ವರ್ಷದ ಸೇನಾ ನೆರವಿಗೆ ಅದು ಸಮ. ಹಣವನ್ನೇ ಲಗಾಮು ಅಂದುಕೊಂಡವರಿಗೆ ಅಲ್ಲೇ ಉತ್ತರ ಸಿಕ್ಕಿತ್ತು. 2015ರ ಫೆಬ್ರವರಿಯಲ್ಲಿ ಈಜಿಪ್ಟ್ ಫ್ರಾನ್ಸಿನಿಂದ 24 ರಫೇಲ್ ಕೊಂಡಿತು. ಮಾರ್ಚ್ 31ರಂದು ಒಬಾಮ ತಡೆ ತೆಗೆದರು: 12 ಎಫ್-16, 20 ಹಾರ್ಪೂನ್, 125ರವರೆಗೆ ಟ್ಯಾಂಕ್ ಕಿಟ್. ಪ್ರಜಾಪ್ರಭುತ್ವದ ಪ್ರಗತಿ ಆಗಿದೆ ಎಂದು ಪ್ರಮಾಣೀಕರಿಸಲಿಲ್ಲ. ರಾಷ್ಟ್ರೀಯ ಭದ್ರತೆಯ ಹಿತದೃಷ್ಟಿಯಿಂದ ಎಂದರು, ಅಷ್ಟೇ.

ಇದಕ್ಕೆ 'ನೋಡಿ, ಕಟ್ಟುನಿಟ್ಟು ಮಾಡಿದರೆ ಅವರು ಬೇರೆಯವರ ಹತ್ತಿರ ಹೋಗುತ್ತಾರೆ' ಎಂಬ ಷರಾ ಬರೆದರು. ಇವತ್ತಿಗೂ ಅದೇ ಪಾಠ ಹೇಳುವವರಿದ್ದಾರೆ. ಆದರೆ 2021ರ ಮೇನಲ್ಲಿ, ನೆರವು ಹರಿಯುತ್ತಿದ್ದ ಕಾಲದಲ್ಲೇ, ಈಜಿಪ್ಟ್ ಇನ್ನೂ 30 ರಫೇಲ್ ಕೊಂಡಿತು. ಅಂದರೆ ನಾಲ್ಕು ಅಂಗಡಿಯಲ್ಲಿ ಖಾತೆ ಇಡುವುದು ಸಿಸಿ ಸರ್ಕಾರದ ನೀತಿ, ಮುನಿಸಿನ ಫಲವಲ್ಲ. ಇನ್ನೊಂದು ಕಡೆ, ರಷ್ಯಾದಿಂದ ಸುಖೋಯ್-35 ತರಲು ಹೊರಟಾಗ 2019ರಲ್ಲಿ ಅಮೆರಿಕದ ವಿದೇಶಾಂಗ ಸಚಿವ ಮೈಕ್ ಪಾಂಪಿಯೊ ಸೆನೆಟ್ ಸಮಿತಿಯ ಮುಂದೆ ನೇರವಾಗಿ ಹೇಳಿದರು: ಕೊಂಡರೆ ನಿರ್ಬಂಧ. ಸುಖೋಯ್ ಈಜಿಪ್ಟಿಗೆ ಬರಲಿಲ್ಲ. ಉತ್ತರ ಕೊರಿಯಾದ ಜೊತೆಗಿನ ಸೇನಾ ನಂಟಿನ ವಿಷಯದಲ್ಲೂ ಹಾಗೇ: 2017ರ ಆಗಸ್ಟ್‌ನಲ್ಲಿ ನೆರವಿಗೆ ಕತ್ತರಿ ಬಿತ್ತು, ಮರುತಿಂಗಳೇ ಈಜಿಪ್ಟಿನ ರಕ್ಷಣಾ ಸಚಿವರು ಸೋಲ್‌ನಲ್ಲಿ ನಿಂತು ಆ ನಂಟು ಕಡಿದುಕೊಂಡೆವು ಎಂದರು. ಇನ್ನೂರಕ್ಕೂ ಹೆಚ್ಚು ಎಫ್-16 ಇಟ್ಟುಕೊಂಡ ವಾಯುಪಡೆಗೆ ಬಿಡಿಭಾಗ ಎಲ್ಲಿಂದ ಬರಬೇಕು? ಲಗಾಮು ಇತ್ತು. ಹಕ್ಕುಗಳ ವಿಷಯಕ್ಕೆ ಬಂದಾಗ ಮಾತ್ರ ಅದನ್ನು ಎಳೆಯುವವರಿರಲಿಲ್ಲ.

*

ಈಗ ಹೊರದಾರಿ ಇರುವ ಷರತ್ತಿನ ಕಥೆ. ಪ್ರತಿ ಸೆಪ್ಟೆಂಬರ್ ನಡುವಿನಲ್ಲಿ ವಾಷಿಂಗ್ಟನ್‌ನಿಂದ ಈಜಿಪ್ಟ್ ನೆರವಿನ ಸುದ್ದಿ ಬರುವುದನ್ನು ಗಮನಿಸಿರಬಹುದು. ಅಮೆರಿಕದ ಹಣಕಾಸು ವರ್ಷ ಮುಗಿಯುವುದು ಸೆಪ್ಟೆಂಬರ್ 30ಕ್ಕೆ, ಹಿಂದಿನ ಬಜೆಟ್ಟಿನ ಹಣಕ್ಕೆ ಅದೇ ಗಡುವು. ವರ್ಷವಿಡೀ ಕಡತ ಮೇಜಿನ ಮೇಲೆ ಮಲಗಿದ್ದು, ಕೊನೆಯ ಹದಿನೈದು ದಿನದಲ್ಲಿ ಎದ್ದು ಕೂರುತ್ತದೆ.

ಲೆಕ್ಕ ಹೀಗೆ. ಒಟ್ಟು 130 ಕೋಟಿಯಲ್ಲಿ ಸುಮಾರು ನೂರು ಕೋಟಿಗೆ ಹಕ್ಕುಗಳ ಷರತ್ತೇ ಇಲ್ಲ, ಬಜೆಟ್ ಆದಕೂಡಲೇ ಹೋಗುತ್ತದೆ. ಷರತ್ತು ಇರುವುದು ಉಳಿದ ಭಾಗಕ್ಕೆ. 2021 ಮತ್ತು 2022ರ ನಿರ್ಧಾರಗಳಲ್ಲಿ 30 ಕೋಟಿ, 2023 ಮತ್ತು 2024ರಲ್ಲಿ 32 ಕೋಟಿ. 2024ರಲ್ಲಿ ಆ 32ರ ಪೈಕಿ 22.5 ಕೋಟಿಯನ್ನು ವಿದೇಶಾಂಗ ಸಚಿವರು 'ರಾಷ್ಟ್ರೀಯ ಭದ್ರತೆಯ ಹಿತಕ್ಕೆ ಅಗತ್ಯ' ಎಂದು ಬರೆದು ಷರತ್ತು ಮನ್ನಾ ಮಾಡಿ ಬಿಡಬಹುದಿತ್ತು. ಬಾಕಿ 9.5 ಕೋಟಿಗೆ ಮನ್ನಾ ಇರಲಿಲ್ಲ, ರಾಜಕೀಯ ಕೈದಿಗಳ ಬಿಡುಗಡೆಯಲ್ಲಿ ಪ್ರಗತಿ ಆಗಿದೆ ಎಂದು ಪ್ರಮಾಣೀಕರಿಸಲೇಬೇಕಿತ್ತು. ಎಂದರೆ ನಿಜವಾಗಿ ಹಲ್ಲಿರುವ ಷರತ್ತು ರೂಪಾಯಿಗೆ ಏಳು ಪೈಸೆಯಷ್ಟು.

2021ರ ಸೆಪ್ಟೆಂಬರ್‌ನಲ್ಲಿ ಜೋ ಬೈಡನ್ ಸರ್ಕಾರ 30 ಕೋಟಿಯಲ್ಲಿ 17 ಕೋಟಿ ಬಿಟ್ಟು 13 ಕೋಟಿ ಹಿಡಿದಿಟ್ಟಿತು. ನಾಗರಿಕ ಸಂಸ್ಥೆಗಳ ಮೇಲೆ ಹೂಡಿದ್ದ, 'ಪ್ರಕರಣ 173' ಎಂದೇ ಹೆಸರಾದ ಮೊಕದ್ದಮೆಯನ್ನು ಮುಚ್ಚಬೇಕು, ಹದಿನಾರು ಮಂದಿಯ ಮೇಲಿನ ಆರೋಪ ಕೈಬಿಡಬೇಕು ಎಂಬ ಬೇಡಿಕೆ ಆಗ ಸುದ್ದಿಯಾಗಿತ್ತು. ಇದು ಹಿಂದಿನದಕ್ಕಿಂತ ಉತ್ತಮ. ಹೆಸರಿತ್ತು, ಎಣಿಕೆ ಇತ್ತು, ಗಡುವಿತ್ತು. ಬೇಡಿಕೆ ಪೂರ್ತಿ ಈಡೇರಲಿಲ್ಲ. 2022ರ ಜನವರಿ ಕೊನೆಯಲ್ಲಿ ಆ 13 ಕೋಟಿಯನ್ನು ನಿಜವಾಗಿಯೂ ಬೇರೆ ಕಡೆಗೆ ತಿರುಗಿಸಿದರು. ಸರಿ, ಕೊನೆಗೂ ಒಂದು ಮಾತು ಉಳಿಸಿಕೊಂಡರಲ್ಲ ಅನ್ನುವಷ್ಟರಲ್ಲಿ ಅದೇ ವಾರದ ಇನ್ನೊಂದು ಕಾಗದ ನೋಡಬೇಕು: ಈಜಿಪ್ಟಿಗೆ 12 ಸಿ-130ಜೆ ಸಾಗಣೆ ವಿಮಾನ ಮತ್ತು ರೇಡಾರ್‌ಗಳನ್ನು ಮಾರಲು ಅನುಮೋದನೆ, ಒಟ್ಟು ಮೌಲ್ಯ ಸುಮಾರು 250 ಕೋಟಿ ಡಾಲರ್. ಒಂದು ಕೈಯಿಂದ ಕಿವಿ ಹಿಂಡಿ ಇನ್ನೊಂದು ಕೈಯಿಂದ ಮೂಗಿಗೆ ತುಪ್ಪ ಸವರಿದರೆ ಎದುರಿನವನು ಯಾವ ಕೈಯನ್ನು ನಂಬಬೇಕು?

2023ರಲ್ಲಿ 8.5 ಕೋಟಿ ತಡೆದು ಅದರಲ್ಲಿ 5.5 ಕೋಟಿ ತೈವಾನ್‌ಗೆ, 3 ಕೋಟಿ ಲೆಬನಾನ್‌ಗೆ ಕೊಟ್ಟರು. 2024ರ ಸೆಪ್ಟೆಂಬರ್‌ನಲ್ಲಿ 22.5 ಕೋಟಿಗೆ ಮನ್ನಾ, 9.5 ಕೋಟಿಗೆ 'ಪ್ರಗತಿ ಆಗಿದೆ' ಎಂಬ ಪ್ರಮಾಣಪತ್ರ, ಅಲ್ಲಿಗೆ ಪೂರ್ತಿ 130 ಕೋಟಿ ಚುಕ್ತಾ. ಗಾಜಾ ಯುದ್ಧ ನಡೆಯುತ್ತಿತ್ತು, ಕದನವಿರಾಮದ ಮಾತುಕತೆಗೆ ಕೈರೋ ಬೇಕಿತ್ತು. ಇಲ್ಲಿ ಹಿತಾಸಕ್ತಿಯ ತೂಕ ನಿಜವಾಗಿಯೂ ಹೆಚ್ಚಿತ್ತು ಎಂದು ನಾನೂ ಒಪ್ಪುತ್ತೇನೆ. ಹಾಗಿದ್ದರೆ ಮನ್ನಾ ಮಾಡಿ, ಕಾರಣ ಹೇಳಿ, ಮುಗಿಯಿತು. ಕೈದಿಗಳ ವಿಷಯದಲ್ಲಿ ಪ್ರಗತಿ ಆಗಿದೆ ಎಂದು ಜೊತೆಗೊಂದು ಸಹಿ ಹಾಕಿದ್ದು ಮಾತ್ರ ಜೀರ್ಣವಾಗುವುದಿಲ್ಲ. ಮನ್ನಾಪತ್ರ ಹೇಳುವುದು 'ನಮಗೆ ಬೇರೆ ದಾರಿಯಿಲ್ಲ' ಎಂದು. ಪ್ರಮಾಣಪತ್ರ ಹೇಳುವುದು 'ಅಲ್ಲಿ ಎಲ್ಲ ಸುಧಾರಿಸುತ್ತಿದೆ' ಎಂದು. ಮೊದಲನೆಯದು ಕಹಿ, ಆದರೆ ಜೈಲಿನಲ್ಲಿರುವವನ ಪಾಡನ್ನು ಅಲ್ಲಗಳೆಯುವುದಿಲ್ಲ. ಎರಡನೆಯದು ಅಲ್ಲಗಳೆಯುತ್ತದೆ.

ಏಕೆಂದರೆ ಆ 'ಪ್ರಗತಿ'ಯನ್ನು ಎಣಿಸುವ ಕಷ್ಟ ಬೇರೆಯೇ ಇದೆ. ಈಜಿಪ್ಟಿನ ಕಾನೂನಿನಲ್ಲಿ ವಿಚಾರಣೆಯಿಲ್ಲದ ಬಂಧನಕ್ಕೆ ಎರಡು ವರ್ಷದ ಮಿತಿ ಇದೆ. ಮಿತಿ ಮುಗಿದ ದಿನ ಕೈದಿಯನ್ನು ಬಿಡಬೇಕು. ಬಿಡುವ ಆದೇಶ ಬರುತ್ತದೆ ಕೂಡ. ಆದರೆ ಅವನು ಜೈಲಿನ ಬಾಗಿಲು ದಾಟುವ ಮುಂಚೆಯೇ ಪ್ರಾಸಿಕ್ಯೂಷನ್ ಹೊಸ ಸಂಖ್ಯೆಯ ಇನ್ನೊಂದು ಪ್ರಕರಣ ತೆರೆಯುತ್ತದೆ, ಅವೇ ಆರೋಪಗಳು: ಭಯೋತ್ಪಾದಕ ಗುಂಪಿಗೆ ಸೇರಿದ್ದು, ಸುಳ್ಳುಸುದ್ದಿ ಹರಡಿದ್ದು. ಎರಡು ವರ್ಷದ ಗಡಿಯಾರ ಮತ್ತೆ ಸೊನ್ನೆಯಿಂದ ಶುರು. ಅಲ್ಲಿನ ವಕೀಲರು ಇದನ್ನು 'ತದ್ವೀರ್' ಅನ್ನುತ್ತಾರೆ, ಸುತ್ತು ತಿರುಗಿಸುವುದು ಎಂಬರ್ಥದ ಅರಬ್ಬಿ ಪದ. ಬಿಡುಗಡೆ ಆದೇಶಗಳನ್ನಷ್ಟೇ ಎಣಿಸಿದರೆ ಈ ಮನುಷ್ಯ ಬಿಡುಗಡೆಯಾದವರ ಪಟ್ಟಿಯಲ್ಲಿರುತ್ತಾನೆ. ಅವನ ತಾಯಿ ಮಾತ್ರ ಊಟದ ಡಬ್ಬಿ ಹಿಡಿದು ಅದೇ ಜೈಲಿನ ಗೇಟಿನ ಮುಂದೆ ನಿಂತಿರುತ್ತಾಳೆ. ಹಾಗಾಗಿ ಪ್ರಗತಿ ಅಳೆಯುವುದಾದರೆ ನೋಡಬೇಕಾದ್ದು ಎಷ್ಟು ಜನಕ್ಕೆ ಬಿಡುಗಡೆ ಆದೇಶ ಸಿಕ್ಕಿತು ಎಂದಲ್ಲ. ಎಷ್ಟು ಜನ ಮನೆ ತಲುಪಿದರು, ಆರು ತಿಂಗಳಾದ ಮೇಲೂ ಮನೆಯಲ್ಲೇ ಇದ್ದಾರೆಯೇ, ಅದೇ ಅವಧಿಯಲ್ಲಿ ಹೊಸದಾಗಿ ಒಳಗೆ ಹೋದವರೆಷ್ಟು, ಇವಿಷ್ಟು.

ಇನ್ನೊಂದು ಜರಡಿ ಇದೆ: ವರ್ಮಾಂಟ್‌ನ ಸೆನೆಟರ್ ಆಗಿದ್ದ ಪ್ಯಾಟ್ರಿಕ್ ಲೇಹಿ ಹೆಸರಿನ ಕಾನೂನು, 1990ರ ದಶಕದ್ದು. ಹಿಂಸೆ, ಕಾನೂನುಬಾಹಿರ ಕೊಲೆ, ಬಲವಂತದ ಕಣ್ಮರೆ, ಅತ್ಯಾಚಾರ, ಇಂಥವುಗಳಲ್ಲಿ ತೊಡಗಿದ ಬಗ್ಗೆ ನಂಬಲರ್ಹ ಮಾಹಿತಿ ಇರುವ ಸೇನಾ ಅಥವಾ ಪೊಲೀಸ್ 'ಘಟಕ'ಕ್ಕೆ ನೆರವು ಕೊಡಬಾರದು. ದೇಶವನ್ನಲ್ಲ, ಘಟಕವನ್ನು ಹಿಡಿಯುವುದು ಇದರ ಜಾಣ್ಮೆ. ಮೇಜರ್ ಒಬ್ಬನನ್ನು ತರಬೇತಿಗೆ ಕಳಿಸುವಾಗ ಇದು ಚೆನ್ನಾಗಿ ನಡೆಯುತ್ತದೆ, ಹೆಸರು ಹಾಕಿ ಹುಡುಕಬಹುದು. ಆದರೆ ಸಾಮಾನು ಕೊಡುವಾಗ ಅದು ಸೇನೆಯ ಉಗ್ರಾಣಕ್ಕೆ ಹೋಗುತ್ತದೆ, ಅಲ್ಲಿಂದ ಯಾವ ತುಕಡಿಗೆ ಹೋಯಿತು ಎಂಬುದು ಕೊಟ್ಟವರಿಗೆ ಗೊತ್ತಿರುವುದಿಲ್ಲ. 2015ರ ಸೆಪ್ಟೆಂಬರ್‌ನಲ್ಲಿ ಪಶ್ಚಿಮದ ಮರುಭೂಮಿಯಲ್ಲಿ ಊಟಕ್ಕೆ ನಿಂತಿದ್ದ ಪ್ರವಾಸಿಗರ ಗುಂಪನ್ನು ಉಗ್ರರೆಂದು ತಿಳಿದು ಈಜಿಪ್ಟ್ ಪಡೆಗಳು ಮೇಲಿನಿಂದ ದಾಳಿ ಮಾಡಿದವು. ಸತ್ತವರು 12, ಅದರಲ್ಲಿ ಎಂಟು ಮಂದಿ ಮೆಕ್ಸಿಕೊದವರು. ಮರುವರ್ಷ ಅದೇ ಲೆಕ್ಕಪರಿಶೋಧನಾ ಕಚೇರಿ ಈಜಿಪ್ಟಿಗೆ ಕೊಟ್ಟ ಸಾಮಗ್ರಿಯ ಬಳಕೆಯ ಮೇಲೆ ನಿಗಾ, ಹಕ್ಕುಗಳ ತಪಾಸಣೆ ಎರಡೂ ಸಡಿಲ ಎಂದು ವರದಿ ಕೊಟ್ಟಿತು.

ಅಬು ಝಾಬಲ್‌ನಲ್ಲಿ ಟ್ಯಾಂಕ್ ಕಾರ್ಖಾನೆಯಷ್ಟೇ ಅಲ್ಲ, ಒಂದು ಜೈಲೂ ಇದೆ. ರಬಾ ಘಟನೆಯ ನಾಲ್ಕನೇ ದಿನ, 2013ರ ಆಗಸ್ಟ್ 18ರಂದು, ಆ ಜೈಲಿನ ಅಂಗಳದಲ್ಲಿ ಕೈದಿಗಳ ವ್ಯಾನೊಂದು ಬಿಸಿಲಿನಲ್ಲಿ ಗಂಟೆಗಟ್ಟಲೆ ನಿಂತಿತ್ತು. ಒಳಗೆ 45 ಜನ. ಆಮೇಲೆ ಒಳಕ್ಕೆ ಅಶ್ರುವಾಯು ಬಿಟ್ಟರು. 37 ಜನ ಉಸಿರುಕಟ್ಟಿ ಸತ್ತರು. ವ್ಯಾನು ಗೃಹ ಇಲಾಖೆಯದು, ಪೊಲೀಸರದು. ಕಾರ್ಖಾನೆ ಸೇನೆಯದು. ಲೇಹಿ ಕಾನೂನಿನ ಕಣ್ಣಿಗೆ ಇವೆರಡಕ್ಕೂ ಸಂಬಂಧವಿಲ್ಲ, ಒಂದೇ ಊರಿನ ಹೆಸರು ಹೊತ್ತಿರುವುದನ್ನು ಬಿಟ್ಟರೆ.

*

ಹಿತಾಸಕ್ತಿಯನ್ನು ನಿಜಕ್ಕೂ ತೂಗಿ ನೋಡುವ ಸಂದರ್ಭ ಅಪರೂಪಕ್ಕೆ ತಾನಾಗಿಯೇ ಒದಗುತ್ತದೆ. ಉಜ್ಬೇಕಿಸ್ತಾನದಲ್ಲಿ ಹಾಗಾಯಿತು. 2001ರ ಅಕ್ಟೋಬರ್‌ನಿಂದ ಅಫ್ಘಾನ್ ಯುದ್ಧಕ್ಕೆ ಅಲ್ಲಿನ ಕರ್ಶಿ-ಖಾನಾಬಾದ್ ವಾಯುನೆಲೆ, ಸೈನಿಕರ ಬಾಯಲ್ಲಿ 'ಕೆ2', ಅಮೆರಿಕಕ್ಕೆ ಅನಿವಾರ್ಯ ಎನ್ನುತ್ತಿದ್ದರು. 2004ರ ಜುಲೈನಲ್ಲಿ ವಿದೇಶಾಂಗ ಇಲಾಖೆ ಅಧ್ಯಕ್ಷ ಇಸ್ಲಾಂ ಕರಿಮೊವ್ ಸರ್ಕಾರಕ್ಕೆ ಹಕ್ಕುಗಳ ಪ್ರಮಾಣಪತ್ರ ಕೊಡಲು ನಿರಾಕರಿಸಿತು, ಸುಮಾರು 1.8 ಕೋಟಿ ಡಾಲರ್ ನಿಂತಿತು. ಮರುತಿಂಗಳು ಅಮೆರಿಕದ್ದೇ ಸೇನಾ ಮುಖ್ಯಸ್ಥ ಜನರಲ್ ರಿಚರ್ಡ್ ಮೈಯರ್ಸ್ ತಾಷ್ಕೆಂಟ್‌ಗೆ ಹೋಗಿ ಆ ಕಡಿತ ದೂರದೃಷ್ಟಿಯಿಲ್ಲದ್ದು ಎಂದು ಹೇಳಿ, ರಕ್ಷಣಾ ಇಲಾಖೆಯ ಬೇರೆ ಬಾಬತ್ತಿನಿಂದ 2.1 ಕೋಟಿ ಪ್ರಕಟಿಸಿದರು. ಎತ್ತು ಏರಿಗೆ, ಕೋಣ ನೀರಿಗೆ. ಕರಿಮೊವ್‌ಗೆ ಸಂದೇಶ ಸ್ಪಷ್ಟವಾಗಿಯೇ ಮುಟ್ಟಿರಬೇಕು.

2005ರ ಮೇ 13ರಂದು ಅಂದಿಜಾನ್‌ನಲ್ಲಿ ಜನರ ಮೇಲೆ ಗುಂಡು ಹಾರಿತು. ಸರ್ಕಾರ ಒಪ್ಪಿದ್ದು 187 ಸಾವು, ಹೊರಗಿನ ಅಂದಾಜುಗಳು ಅದಕ್ಕಿಂತ ಬಹಳ ಹೆಚ್ಚು. ಗಡಿ ದಾಟಿ ಕಿರ್ಗಿಸ್ತಾನಕ್ಕೆ ಓಡಿದವರನ್ನು ಹಿಂದಕ್ಕೆ ಕೊಡಿ ಎಂದು ತಾಷ್ಕೆಂಟ್ ಪಟ್ಟುಹಿಡಿಯಿತು. ಕೊಡಬಾರದು ಎಂದು ಅಮೆರಿಕ ಒತ್ತಾಯಿಸಿತು. ಜುಲೈ 29ರಂದು ವಿಶ್ವಸಂಸ್ಥೆ 439 ನಿರಾಶ್ರಿತರನ್ನು ವಿಮಾನದಲ್ಲಿ ರೊಮೇನಿಯಾಕ್ಕೆ ಸಾಗಿಸಿತು. ಅದೇ ಸುಮಾರಿಗೆ ಅಮೆರಿಕದ ರಾಯಭಾರ ಕಚೇರಿಗೆ ಚೀಟಿ ಬಂತು: 180 ದಿನದಲ್ಲಿ ಕೆ2 ಖಾಲಿ ಮಾಡಿ. ನವೆಂಬರ್‌ನಲ್ಲಿ ಖಾಲಿಯಾಯಿತು. ಅನಿವಾರ್ಯ ಎಂದಿದ್ದ ನೆಲೆ ಹೋಯಿತು, ಯುದ್ಧ ಇನ್ನೂ ಹದಿನಾರು ವರ್ಷ ನಡೆಯಿತು. ಕಿರ್ಗಿಸ್ತಾನದ ಮನಾಸ್ ವಾಯುನೆಲೆ ಆ ಹೊರೆ ಹೊತ್ತಿತು. ಖರ್ಚು ಹೆಚ್ಚಿತು, ತಾಪತ್ರಯ ಹೆಚ್ಚಿತು, ಸುಳ್ಳಲ್ಲ. ಆದರೆ 439 ಜನರ ಎದುರು ಇಟ್ಟು ತೂಗಿದಾಗ ಕೆ2 ಹೇಳಿದಷ್ಟು ಭಾರವಿರಲಿಲ್ಲ.

ಹಾಗಾದರೆ ಮಿತ್ರನನ್ನು ಕಳೆದುಕೊಳ್ಳದೆ ಏನನ್ನೂ ಸಾಧಿಸಲಾಗದೇ? ದಕ್ಷಿಣ ಕೊರಿಯಾದ ಉದಾಹರಣೆ ಇದೆ. 1980ರ ಮೇನಲ್ಲಿ ಗ್ವಾಂಗ್ಜು ನಗರದಲ್ಲಿ ಪ್ರತಿಭಟನಾಕಾರರ ನರಮೇಧ, ಸೆಪ್ಟೆಂಬರ್‌ನಲ್ಲಿ ವಿರೋಧಪಕ್ಷದ ನಾಯಕ ಕಿಮ್ ಡೇ-ಜುಂಗ್‌ಗೆ ಮರಣದಂಡನೆ. ಅಧಿಕಾರ ಹಿಡಿದಿದ್ದ ಜನರಲ್ ಚುನ್ ಡೂ-ಹ್ವಾನ್‌ಗೆ ಬೇಕಿದ್ದದ್ದು ಒಂದೇ: ಶ್ವೇತಭವನದ ಮೆಟ್ಟಿಲ ಮೇಲೆ ನಿಂತ ಫೋಟೊ, ಅಂದರೆ ಮಾನ್ಯತೆ. ಅಧಿಕಾರ ಬಿಡುತ್ತಿದ್ದ ಜಿಮ್ಮಿ ಕಾರ್ಟರ್ ಕಡೆಯವರೂ ಏರುತ್ತಿದ್ದ ರೊನಾಲ್ಡ್ ರೇಗನ್ ಕಡೆಯವರೂ ಈ ಒಂದು ವಿಷಯದಲ್ಲಿ ಒಂದೇ ಮಾತಾಡಿದರು. ರೇಗನ್‌ರ ಭದ್ರತಾ ಸಲಹೆಗಾರರಾಗಲಿದ್ದ ರಿಚರ್ಡ್ ಅಲೆನ್, ಗದ್ದಲವಿಲ್ಲದೆ ಲೆಕ್ಕ ಇಟ್ಟರು: ಕಿಮ್ ಜೀವ ಉಳಿದರೆ ಭೇಟಿ. 1981ರ ಜನವರಿಯಲ್ಲಿ ಶಿಕ್ಷೆ ಜೀವಾವಧಿಗೆ ಇಳಿಯಿತು, ಫೆಬ್ರವರಿ 2ಕ್ಕೆ ಚುನ್ ಶ್ವೇತಭವನದಲ್ಲಿದ್ದರು. ಇದಕ್ಕೆ ಕೊಟ್ಟ ಬೆಲೆ ಕಡಿಮೆಯಲ್ಲ. ಗ್ವಾಂಗ್ಜು ರಕ್ತ ಆರುವ ಮುಂಚೆ ಕೊಲೆಗಾರನಿಗೆ ಕೈಕುಲುಕಿದ್ದನ್ನು ಕೊರಿಯಾದ ವಿದ್ಯಾರ್ಥಿಗಳು ಮರೆಯಲಿಲ್ಲ. ಮರುವರ್ಷ ಬುಸಾನ್‌ನ ಅಮೆರಿಕನ್ ಸಾಂಸ್ಕೃತಿಕ ಕೇಂದ್ರಕ್ಕೆ ಬೆಂಕಿ ಬಿತ್ತು. ಕಿಮ್ 1998ರಲ್ಲಿ ಅಧ್ಯಕ್ಷರಾದರು, 2000ದಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದರು. ಅಧಿಕಾರ ವಹಿಸುವ ಮುಂಚೆಯೇ, ತನ್ನನ್ನು ಗಲ್ಲಿಗೇರಿಸಲು ಹೊರಟಿದ್ದ ಚುನ್‌ರ ಕ್ಷಮಾದಾನಕ್ಕೆ ಒಪ್ಪಿಗೆ ಕೊಟ್ಟಿದ್ದರು.

ಇದು ನಡೆದದ್ದೇಕೆ ಎಂದು ಬಿಡಿಸಿ ನೋಡಿದರೆ ದೊಡ್ಡ ಗುಟ್ಟೇನಿಲ್ಲ. ಕೇಳಿದ್ದು ಒಂದೇ, ಅದಕ್ಕೆ ಹೆಸರಿತ್ತು. ಆಗಿದೆಯೋ ಇಲ್ಲವೋ ಎಂದು ಯಾರು ಬೇಕಾದರೂ ನೋಡಿ ಹೇಳಬಹುದಿತ್ತು. ಕೊಡುವ ವಸ್ತು ಬೇರೆ ಅಂಗಡಿಯಲ್ಲಿ ಸಿಗುವಂಥದ್ದಲ್ಲ, ಶ್ವೇತಭವನದ ಭೇಟಿಯನ್ನು ಸೌದಿ ದೊರೆ ಕೊಡಿಸಲಾರ. ಎರಡು ಬಾಯಿ ಇರಲಿಲ್ಲ. ಮುಖ್ಯವಾಗಿ, ಮೊದಲು ಕೆಲಸ, ಆಮೇಲೆ ಕೂಲಿ. ಈಜಿಪ್ಟಿನ ವಿಷಯದಲ್ಲಿ ಇದೆಲ್ಲ ತಲೆಕೆಳಗು. ಕೂಲಿಯ ಮುಕ್ಕಾಲು ಭಾಗ ವರ್ಷದ ಮೊದಲೇ ಹೋಗಿರುತ್ತದೆ, ಕೇಳುವ ಪಟ್ಟಿಯಲ್ಲಿ ಕಾನೂನಿನ ಆಡಳಿತ, ಅಭಿವ್ಯಕ್ತಿ ಸ್ವಾತಂತ್ರ್ಯ, ಮಹಿಳೆಯರ ಹಕ್ಕು ಎಲ್ಲ ಒಟ್ಟೊಟ್ಟಿಗೆ ಇರುತ್ತವೆ. ಎಲ್ಲವನ್ನೂ ಕೇಳಿದವನಿಗೆ ಯಾವುದನ್ನೂ ಕೊಡಬೇಕಿಲ್ಲ ಎಂದು ಎದುರಿನವನಿಗೆ ಗೊತ್ತು.

*

ದೂರದ ಅಮೆರಿಕಕ್ಕೆ ಬೈದು ಕೈ ತೊಳೆದುಕೊಳ್ಳುವುದು ಸುಲಭ. 2023ರ ಗಣರಾಜ್ಯೋತ್ಸವಕ್ಕೆ ನಮ್ಮ ಮುಖ್ಯ ಅತಿಥಿಯಾಗಿದ್ದವರು ಇದೇ ಸಿಸಿ. ಆದರೆ ನಮ್ಮ ನಿಜವಾದ ಪರೀಕ್ಷೆ ಮ್ಯಾನ್ಮಾರ್, 1,643 ಕಿಲೋಮೀಟರ್ ಗಡಿ ಹಂಚಿಕೊಂಡ ನೆರೆ.

1988ರ ದಂಗೆಯ ನಂತರ ಭಾರತ ಆಂಗ್ ಸಾನ್ ಸೂ ಕೀ ಪರ ನಿಂತಿತ್ತು. 1990ರ ದಶಕದ ಆರಂಭಕ್ಕೆ ಮನಸ್ಸು ಬದಲಾಯಿತು: ಈಶಾನ್ಯದ ಉಗ್ರರು ಗಡಿಯಾಚೆ ಅಡಗುತ್ತಾರೆ, ಚೀನಾ ಒಳಗೆ ಬರುತ್ತಿದೆ, ಸೇನಾಡಳಿತದ ಜೊತೆ ಮಾತಾಡಲೇಬೇಕು. 1995ರಲ್ಲಿ ಮಿಜೋರಾಂ ಗಡಿಯಲ್ಲಿ ಎರಡೂ ಸೇನೆಗಳು ಸೇರಿ 'ಗೋಲ್ಡನ್ ಬರ್ಡ್' ಕಾರ್ಯಾಚರಣೆ ನಡೆಸುತ್ತಿದ್ದಾಗ ಮ್ಯಾನ್ಮಾರ್ ಪಡೆ ನಡುವೆಯೇ ಹಿಂದೆ ಸರಿಯಿತು. ಸೂ ಕೀಗೆ ನೆಹರೂ ಪ್ರಶಸ್ತಿ ಕೊಟ್ಟಿದ್ದೇ ಕಾರಣ ಎಂಬ ವಿವರಣೆ ದೆಹಲಿಯಲ್ಲಿ ಬೇರೂರಿತು. ಒಂದು ಪ್ರಶಸ್ತಿ ಫಲಕಕ್ಕೆ ಒಂದು ಕಾರ್ಯಾಚರಣೆ ತೆತ್ತೆವು ಎಂಬ ಆ ನೆನಪು ಕಾಲು ಶತಮಾನ ನೀತಿಯನ್ನು ಆಳಿತು. 2021ರ ಫೆಬ್ರವರಿಯ ಸೇನಾ ದಂಗೆಯ ನಂತರ, ಮಾರ್ಚ್ 27ರ ಸೇನಾ ದಿನದ ಕವಾಯತಿಗೆ ಭಾರತವೂ ಪ್ರತಿನಿಧಿಯನ್ನು ಕಳಿಸಿತು. ಅದೇ ದಿನ ದೇಶದಾದ್ಯಂತ ನೂರಕ್ಕೂ ಹೆಚ್ಚು ಪ್ರತಿಭಟನಾಕಾರರನ್ನು ಕೊಂದರು.

ಇದಕ್ಕೆಲ್ಲ ಎದುರು ತಟ್ಟೆಯಲ್ಲಿದ್ದ ದೊಡ್ಡ ಕಲ್ಲು ಕಲಾದಾನ್ ಯೋಜನೆ. 2008ರಲ್ಲಿ ಒಪ್ಪಂದವಾದದ್ದು. ಕೋಲ್ಕತ್ತಾದಿಂದ ಸಿಟ್ವೆ ಬಂದರಿಗೆ ಸಮುದ್ರದಲ್ಲಿ 539 ಕಿಲೋಮೀಟರ್, ಸಿಟ್ವೆಯಿಂದ ಪಲೇತ್ವಾಕ್ಕೆ ಕಲಾದಾನ್ ನದಿಯಲ್ಲಿ 158, ಪಲೇತ್ವಾದಿಂದ ಮಿಜೋರಾಂ ಗಡಿಯ ಝೋರಿನ್‌ಪುಯಿಗೆ ರಸ್ತೆಯಲ್ಲಿ ಸುಮಾರು 110. ಜುಂಟಾವನ್ನು, ಅಂದರೆ ಅಲ್ಲಿನ ಸೇನಾಡಳಿತವನ್ನು, ಕೆಣಕಿದರೆ ಈ ರಸ್ತೆ ಹೋಗುತ್ತದೆ ಎಂಬ ಹೆದರಿಕೆ. ಕೆಣಕಲಿಲ್ಲ. 2023ರ ಮೇನಲ್ಲಿ ಸಿಟ್ವೆ ಬಂದರಿಗೆ ಮೊದಲ ಸರಕು ಹಡಗೂ ಬಂತು.

2024ರ ಜನವರಿಯಲ್ಲಿ ಜುಂಟಾ ವಿರುದ್ಧ ಕಾದಾಡುವ ಬಂಡುಕೋರ ಪಡೆ ಅರಾಕನ್ ಆರ್ಮಿ ಪಲೇತ್ವಾವನ್ನು ಗೆದ್ದುಕೊಂಡಿತು. ನದಿ ಮುಗಿದು ರಸ್ತೆ ಶುರುವಾಗುವ ಊರೇ ಜುಂಟಾ ಕೈಯಿಂದ ಹೋಯಿತು. ಕೆಲವೇ ವಾರಗಳಲ್ಲಿ ಮಿಜೋರಾಂನ ರಾಜ್ಯಸಭಾ ಸದಸ್ಯರೊಬ್ಬರು ಗಡಿ ದಾಟಿ, ಅರಾಕನ್ ಆರ್ಮಿಯವರನ್ನು ಕಂಡು, ರಸ್ತೆಯ ಕೆಲಸ ಎಲ್ಲಿಗೆ ಬಂತು ಎಂದು ನೋಡಿಕೊಂಡು ಬಂದರು.